ಕಪ್ಪೆಗಳು ನಾಳೆ ಹೋಗಲಿ

ಫರೋಹನ ಹಾಸಿಗೆಯಲ್ಲಿ ಕಪ್ಪೆ. ಒಲೆಯಲ್ಲಿ ಕಪ್ಪೆ. ಹಿಟ್ಟು ನಾದುವ ಬೋಗುಣಿಯಲ್ಲಿ ಕಪ್ಪೆ. ನೈಲ್ ನದಿಯೇ ಎದ್ದು ಬಂದು ಅರಮನೆಯೊಳಗೆ ಕುಪ್ಪಳಿಸುತ್ತಿದೆ. ಕೊನೆಗೆ ದೊರೆ ಮೋಶೆಯನ್ನು ಕರೆಸಿದ. ಇವನ್ನು ತೊಲಗಿಸಲು ನಿನ್ನ ದೇವರಿಗೆ ಹೇಳು ಎಂದ. ಆಗಲಿ, ಯಾವಾಗ ತೊಲಗಬೇಕು, ಹೊತ್ತು ನೀವೇ ಗೊತ್ತುಮಾಡಿ ಎಂದ ಮೋಶೆ.

ಫರೋಹ ಹೇಳಿದ: ನಾಳೆ.

ನಾಳೆ! ಈಗಲೇ ಅಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಇನ್ನೊಂದು ರಾತ್ರಿ ಕಪ್ಪೆಗಳ ಮಗ್ಗುಲಲ್ಲಿ ಮಲಗಿದರೂ ಚಿಂತೆಯಿಲ್ಲ, ದೊರೆಗೆ ಅವಸರ ಹತ್ತಿದೆ ಎಂದು ಯಾರೂ ಅಂದುಕೊಳ್ಳಬಾರದು. ನಮ್ಮ ಕಡೆ ದೆವ್ವ ಓಡಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಈ ಮಹಾಶಯ ಪರಿಹಾರಕ್ಕೇ ನಾಳೆ ಬಾ ಎಂದ.

ಇದು ವಿಮೋಚನಕಾಂಡದ 8ನೇ ಅಧ್ಯಾಯ, ಇಸ್ರಾಯೇಲರನ್ನು ಬಿಡಲೊಪ್ಪದ ಫರೋಹನ ಮೇಲೆ ದೇವರು ಒಂದರ ಹಿಂದೊಂದು ಬಾಧೆ ಕಳಿಸುವ ಕಥೆ. ಯೆಹೂದ್ಯರು ತನಖ್ ಎಂದೂ ಕ್ರೈಸ್ತರು ಹಳೆಯ ಒಡಂಬಡಿಕೆ ಎಂದೂ ಕರೆಯುವ ಹೀಬ್ರೂ ಧರ್ಮಗ್ರಂಥದಲ್ಲಿ ದೇವರೆದುರು ಮನುಷ್ಯನ ಅಧಿಕಾರ ಎಷ್ಟು ಎಂದು ಹುಡುಕುವವರು ನೇರ ಗುಡುಗು ಸಿಡಿಲಿನ ಪುಟಗಳಿಗೆ ಓಡುತ್ತಾರೆ. ಸಮುದ್ರ ಸೀಳಿದ್ದು, ಸಿನಾಯ್ ಬೆಟ್ಟ ಹೊಗೆಯಾಡಿದ್ದು. ಅಷ್ಟು ದೂರ ಯಾಕೆ? ಕಪ್ಪೆ ಸಾಕು.

ಫರೋಹನ ಆಸ್ಥಾನದಲ್ಲಿ ಮಂತ್ರವಾದಿಗಳೂ ಇದ್ದರು. ತಜ್ಞರ ಸಮಿತಿ ಅನ್ನಿ. ನೀರೆಲ್ಲ ರಕ್ತವಾಗಿ ಜನ ಕುಡಿಯಲು ಹನಿ ಸಿಗದೆ ನೆಲ ತೋಡುತ್ತಿದ್ದಾಗ ಈ ಪಂಡಿತರು ಏನು ಮಾಡಿದರು? ನಾವೂ ನೀರನ್ನು ರಕ್ತ ಮಾಡಬಲ್ಲೆವು ಎಂದು ಮಾಡಿ ತೋರಿಸಿದರು. ಕಪ್ಪೆ ಬಂದಾಗ? ಇನ್ನಷ್ಟು ಕಪ್ಪೆ ಬರಿಸಿದರು. ದೇಶಕ್ಕೆ ಬೇಕಾಗಿದ್ದದ್ದು ಕಪ್ಪೆ ಓಡಿಸುವವರು. ಸಂಬಳ ಎಣಿಸುತ್ತಿದ್ದವರು ಕಪ್ಪೆ ಹೆಚ್ಚಿಸುವವರು. ಮೂರನೆಯ ಸರದಿಗೆ ಹೇನು ಬಂತು. ಅದನ್ನು ಹುಟ್ಟಿಸಲು ಇವರ ಕೈಲಾಗಲಿಲ್ಲ. ಇದು ದೇವರ ಕೈವಾಡ ಎಂದು ಒಪ್ಪಿಕೊಂಡರು. ತಜ್ಞರು ಮೊದಲ ಸಲ ನಿಜ ನುಡಿದಿದ್ದರು. ಫರೋಹ ಮೊದಲ ಸಲ ಅವರ ಮಾತನ್ನು ತೆಗೆದುಹಾಕಿದ. ಮುಂದೆ ಹುಣ್ಣಿನ ಬಾಧೆ ಬಂದಾಗ ಅವರಿಗೆ ಮೋಶೆಯ ಎದುರು ನಿಲ್ಲಲೂ ಆಗಲಿಲ್ಲ. ಅಲ್ಲಿಂದ ಮುಂದೆ ಕಥೆಯಲ್ಲಿ ಅವರ ಸುಳಿವಿಲ್ಲ.

ಇನ್ನೂ ಒಂದು ತಮಾಷೆ. ಇಷ್ಟೆಲ್ಲ ಮೆರೆದ ಫರೋಹನ ಹೆಸರು ಈ ಪುಸ್ತಕದಲ್ಲಿ ಇಲ್ಲ. ಯಾವ ಫರೋಹ ಎಂದು ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ. ಇದೆಲ್ಲ ನಡೆಯಿತೇ ಎನ್ನುವುದೇ ಇನ್ನೊಂದು ಜಗಳ. ಆದರೆ ಎರಡು ಹೆಸರುಗಳನ್ನು ಮಾತ್ರ ಪುಸ್ತಕ ಮರೆಯದೆ ಬರೆದಿಟ್ಟಿದೆ. ಶಿಫ್ರಾ ಮತ್ತು ಪೂವಾ. ಇಬ್ಬರೂ ಸೂಲಗಿತ್ತಿಯರು. ಇಬ್ರಿಯರ, ಅಂದರೆ ಇಸ್ರಾಯೇಲರ, ಗಂಡುಮಕ್ಕಳನ್ನು ಹುಟ್ಟುತ್ತಲೇ ಕೊಲ್ಲಿ ಎಂದು ಕಪ್ಪೆಗಳ ದೊರೆಗಿಂತ ಮುಂಚಿನ ಫರೋಹ ಆಜ್ಞೆ ಮಾಡಿದ. ಇವರು ಕೊಲ್ಲಲಿಲ್ಲ. ಯಾಕೆ ಎಂದು ಕೇಳಿದಾಗ, ಆ ಹೆಂಗಸರು ಗಟ್ಟಿಗಿತ್ತಿಯರು ಸ್ವಾಮಿ, ನಾವು ಹೋಗುವಷ್ಟರಲ್ಲಿ ಹೆತ್ತಿರುತ್ತಾರೆ ಎಂದು ಬಿಟ್ಟರು. ದೊರೆ ನಂಬಿದ! ಈಜಿಪ್ಟನ್ನು ಬೆರಳ ತುದಿಯಲ್ಲಿ ಆಡಿಸುವವನಿಗೆ ಹೆರಿಗೆ ಕೋಣೆಯ ಬಾಗಿಲು ದಾಟಿ ಒಳಗೇನಾಗುತ್ತದೆ ಎಂಬ ಗಂಧಗಾಳಿ ಇರಲಿಲ್ಲ.

ಈಗ ಭಕ್ತರಿಗೆ ಇಷ್ಟವಾಗದ ಒಂದು ಮಾತು. ಫರೋಹನ ಹೃದಯವನ್ನು ಕಠಿಣ ಮಾಡಿದ್ದು ದೇವರೇ ಎಂದು ಅದೇ ಪುಸ್ತಕ ಹಲವು ಸಲ ಹೇಳುತ್ತದೆ. ಹಾಗಾದರೆ ಅವನ ತಪ್ಪೇನು? ಇರಲಿ, ಅವನ ಪಾಡು ಅವನಿಗೆ. ಕೊನೆಯ ಬಾಧೆಯಲ್ಲಿ ಬೀಸುವ ಕಲ್ಲಿನ ಹಿಂದೆ ಕೂತ ದಾಸಿಯ ಚೊಚ್ಚಲ ಮಗುವೂ ಸತ್ತಿತಲ್ಲ, ಅದರ ತಪ್ಪೇನು? ಈ ಪ್ರಶ್ನೆಯನ್ನು ವೇದಿಕೆಯ ಮೇಲೆ ಯಾರೂ ಎತ್ತುವುದಿಲ್ಲ. ಎತ್ತಿದರೆ ಕಾಣಿಕೆ ತಟ್ಟೆ ಹಗುರಾಗುತ್ತದೆ.

ಬಳ್ಳಾರಿಯ ಮಿಷನರಿಗಳು ಬೈಬಲನ್ನು ಕನ್ನಡಕ್ಕೆ ತಂದು ಹತ್ತಿರ ಹತ್ತಿರ ಇನ್ನೂರು ವರ್ಷ. ಇಷ್ಟು ವರ್ಷಗಳಲ್ಲಿ 23ನೇ ಕೀರ್ತನೆ ಎಷ್ಟು ಗೋಡೆ ಕ್ಯಾಲೆಂಡರುಗಳ ಮೇಲೆ ಅಚ್ಚಾಗಿದೆಯೋ ಲೆಕ್ಕವಿಲ್ಲ. ಹಸಿರು ಹುಲ್ಲುಗಾವಲು, ತಿಳಿನೀರು, ಮೂಲೆಯಲ್ಲಿ ಒಂದು ಕುರಿಮರಿ. 1ನೇ ಸಮುವೇಲನ 8ನೇ ಅಧ್ಯಾಯವನ್ನು ಯಾವ ಕ್ಯಾಲೆಂಡರಿನ ಮೇಲಾದರೂ ನೋಡಿದ್ದೀರಾ? ನೋಡಿರುವುದಿಲ್ಲ. ಅದನ್ನು ಗೋಡೆಗೆ ಹಾಕಿದರೆ ಶಾಸಕರು ಮನೆಗೆ ಬಂದಾಗ ತಿರುಗಿಸಿ ಹಾಕಬೇಕಾಗುತ್ತದೆ.

ಆ ಅಧ್ಯಾಯದಲ್ಲಿ ಜನ ಬಂದು ನಮಗೊಬ್ಬ ಅರಸ ಬೇಕು ಎನ್ನುತ್ತಾರೆ. ಕಾರಣ ನ್ಯಾಯವಾದದ್ದೇ. ಪ್ರವಾದಿ ಸಮುವೇಲ ಮುದುಕನಾಗಿದ್ದಾನೆ, ಅವನು ನ್ಯಾಯಾಧಿಪತಿಗಳಾಗಿ ಕೂರಿಸಿದ ಸ್ವಂತ ಮಕ್ಕಳು ಲಂಚ ತಿನ್ನುತ್ತಿದ್ದಾರೆ. (ದೇವರ ಮನುಷ್ಯನಿಗೂ ಮಕ್ಕಳಿಗೆ ಕುರ್ಚಿ ಕೊಡಿಸುವ ಆಸೆ ಬಿಡಲಿಲ್ಲ ನೋಡಿ.) ಲಂಚಕೋರರನ್ನು ಕಿತ್ತುಹಾಕಿ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಅವರು ಕೇಳಿದ್ದು ಅದಕ್ಕಿಂತ ದೊಡ್ಡ ಬಾಯಿಯವನನ್ನು. ಸುತ್ತಲಿನ ಎಲ್ಲ ಜನಾಂಗಗಳಿಗೂ ಅರಸರಿದ್ದಾರೆ, ನಮಗಿಲ್ಲ ಎಂಬ ಅವಮಾನ ಬೇರೆ.

ಸಮುವೇಲ ಒಂದೊಂದಾಗಿ ಹೇಳಿದ. ಅವನು ನಿಮ್ಮ ಗಂಡುಮಕ್ಕಳನ್ನು ಎಳೆದೊಯ್ದು ತನ್ನ ರಥದ ಮುಂದೆ ಓಡಿಸುತ್ತಾನೆ. ಹೆಣ್ಣುಮಕ್ಕಳನ್ನು ಅಡುಗೆಗೆ ಇಟ್ಟುಕೊಳ್ಳುತ್ತಾನೆ. ಒಳ್ಳೊಳ್ಳೆಯ ಹೊಲ, ದ್ರಾಕ್ಷಿತೋಟ ಕಿತ್ತು ತನ್ನ ಅಧಿಕಾರಿಗಳಿಗೆ ಹಂಚುತ್ತಾನೆ. ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಅವನಿಗೆ. ನೀವು ಅವನ ಆಳುಗಳಾಗುತ್ತೀರಿ. ಆಮೇಲೆ ದೇವರೇ ಎಂದು ಕೂಗಿದರೆ ದೇವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇತಿಹಾಸದಲ್ಲಿ ಹೇಳಿದ್ದಷ್ಟನ್ನೂ ಜಾರಿಗೆ ತಂದ ಚುನಾವಣಾ ಪ್ರಣಾಳಿಕೆ ಇದೊಂದೇ ಇರಬೇಕು. ಜನ ಪೂರ್ತಿ ಕೇಳಿಸಿಕೊಂಡರು. ಆದರೂ ಅರಸ ಬೇಕು ಎಂದರು. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಎಂಬ ಗಾದೆ ನಮ್ಮಲ್ಲಿದೆ. ಇವರು ಹಗಲಲ್ಲೇ ಬಿದ್ದರು.

ಪಾಠ ಮೊದಲೇ ಆಗಿರಲಿಲ್ಲವೇ? ಆಗಿತ್ತು. ಸಮುವೇಲನಿಗಿಂತ ಮುಂಚೆ ಅಬೀಮೆಲೆಕ ಎಂಬವನು ದೇವಸ್ಥಾನದ ಹುಂಡಿಯಿಂದ ಎಪ್ಪತ್ತು ಬೆಳ್ಳಿ ನಾಣ್ಯ ಪಡೆದು, ಪುಂಡರನ್ನು ಕಟ್ಟಿಕೊಂಡು, ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕಡಿದು ರಾಜನಾಗಿದ್ದ. ತಪ್ಪಿಸಿಕೊಂಡ ಕಿರಿಯ ತಮ್ಮ ಯೋತಾಮ ಗೆರಿಜ್ಜೀಮ್ ಬೆಟ್ಟ ಹತ್ತಿ ಜನರಿಗೊಂದು ಕಥೆ ಹೇಳಿದ. ಮರಗಳಿಗೆ ರಾಜ ಬೇಕಾಯಿತು. ಎಣ್ಣೆಮರ ಒಲ್ಲೆ ಎಂದಿತು, ನನಗೆ ಕೆಲಸವಿದೆ. ಅಂಜೂರ ಒಲ್ಲೆ ಎಂದಿತು. ದ್ರಾಕ್ಷಿಬಳ್ಳಿಯೂ ಒಲ್ಲೆ. ಕೊನೆಗೆ ಕೇಳಿದ್ದು ಮುಳ್ಳುಕಂಟಿಯನ್ನು. ಅದು ತಕ್ಷಣ ಒಪ್ಪಿತು. ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ ಎಂದಿತು. ಮುಳ್ಳುಕಂಟಿಯ ನೆರಳು! ಲೆಬನೋನಿನ ದೇವದಾರು ಅದರ ಕೆಳಗೆ ಹೇಗೆ ಬಗ್ಗಿ ಕೂರಬೇಕೋ.

ಅಬೀಮೆಲೆಕನ ಕೊನೆ ಕೇಳಿ. ತೇಬೇಚ್ ಊರಿನ ಬುರುಜಿಗೆ ಬೆಂಕಿ ಹಚ್ಚಲು ಹೋದ. ಮೇಲಿಂದ ಒಬ್ಬಳು ಹೆಂಗಸು ಬೀಸುವ ಕಲ್ಲು ಎತ್ತಿ ಹಾಕಿದಳು. ತಲೆ ಒಡೆಯಿತು. ಸಾಯುವಾಗಲೂ ಅವನಿಗೆ ಒಂದೇ ಚಿಂತೆ. ಹೆಂಗಸಿನ ಕೈಯಲ್ಲಿ ಸತ್ತ ಎಂದು ಜನ ಆಡಿಕೊಳ್ಳಬಾರದು. ಬೇಗ ಇರಿ ಎಂದು ಆಯುಧ ಹೊರುವ ಹುಡುಗನಿಗೆ ಹೇಳಿ ಇರಿಸಿಕೊಂಡ. ತಲೆಮಾರುಗಳ ನಂತರ ದಾವೀದನ ಸೇನಾಪತಿ ಯೋವಾಬ ಅವನನ್ನು ನೆನೆಸಿಕೊಳ್ಳುತ್ತಾನೆ. ಏನೆಂದು? ಹೆಂಗಸಿನ ಬೀಸುವ ಕಲ್ಲಿಗೆ ಸತ್ತವನು ಎಂದು. ವರ್ಚಸ್ಸು ಕಾಪಾಡಿಕೊಳ್ಳುವ ಖಾತೆಯೂ ಮನುಷ್ಯನ ಕೈಯಲ್ಲಿಲ್ಲ.

ಅರಸ ಬೇಕೇ ಬೇಕಾದರೆ ಅವನು ಹೇಗಿರಬೇಕು ಎಂದೂ ಈ ಪುಸ್ತಕ ಬರೆದಿದೆ. ಧರ್ಮೋಪದೇಶಕಾಂಡ, 17ನೇ ಅಧ್ಯಾಯ. ಕುದುರೆ ಹೆಚ್ಚು ಇಟ್ಟುಕೊಳ್ಳಬಾರದು, ಅದಕ್ಕಾಗಿ ಈಜಿಪ್ಟಿನ ದಾರಿ ಹಿಡಿಯಬಾರದು. ಹೆಂಡಿರು ಹೆಚ್ಚು ಬೇಡ. ಬೆಳ್ಳಿ ಬಂಗಾರ ಕೂಡಿಡಬಾರದು. ಧರ್ಮಶಾಸ್ತ್ರದ ಒಂದು ಪ್ರತಿ ಮಾಡಿ ಇಟ್ಟುಕೊಂಡು, ಬದುಕಿರುವಷ್ಟು ದಿನ ಅದನ್ನು ಓದಬೇಕು. ಯಾಕೆ? ತನ್ನ ಜನರಿಗಿಂತ ತಾನು ಮೇಲು ಎಂಬ ಗರ್ವ ಬರಬಾರದು.

ಈಗ ಜ್ಞಾನಿ ಸೊಲೊಮೋನನ ಲೆಕ್ಕ ತೆಗೆಯಿರಿ. ಲೆಕ್ಕ ಬೈಬಲಿನದೇ. ಕುದುರೆ ಸವಾರರು 12,000, ಕುದುರೆಗಳು ಬಂದದ್ದು ಈಜಿಪ್ಟಿನಿಂದಲೇ. ವರ್ಷಕ್ಕೆ 666 ತಲಾಂತು ಬಂಗಾರ. ಪತ್ನಿಯರು 700, ಉಪಪತ್ನಿಯರು 300. ಮೂರು ಕಲಮುಗಳು, ಮೂರಕ್ಕೂ ಪಂಗನಾಮ. ದೇವಾಲಯ ಕಟ್ಟಲು 7 ವರ್ಷ ಹಿಡಿಯಿತು. ತನ್ನ ಅರಮನೆಗೆ 13 ವರ್ಷ. ದೇವಾಲಯದ ಪ್ರತಿಷ್ಠೆಯ ದಿನ, ಆಕಾಶವೇ ದೇವರಿಗೆ ಸಾಲದು, ನಾನು ಕಟ್ಟಿದ ಈ ಮನೆ ಎಷ್ಟರದು ಎಂದು ಕೈಯೆತ್ತಿ ಪ್ರಾರ್ಥಿಸಿದ ಮನುಷ್ಯ ಇವನೇ. ಪ್ರಾರ್ಥನೆ ಬಹಳ ಚೆನ್ನಾಗಿದೆ. ಆಮೆನ್ ಹೇಳಿ ನೇರ ಅರಮನೆಯ ಕಾಮಗಾರಿ ನೋಡಲು ಹೋಗಿರಬೇಕು.

ಇವೆಲ್ಲ ಒಂದು ತೂಕವಾದರೆ ಅಹಾಬನ ತರಕಾರಿ ತೋಟ ಒಂದು ತೂಕ.

ಇಸ್ರಾಯೇಲಿನ ಅಹಾಬ ಸಣ್ಣ ರಾಜನಲ್ಲ. ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ಅಸ್ಸೀರಿಯದ ಮೂರನೇ ಶಾಲ್ಮನೇಸರನ ವಿರುದ್ಧ ಯುದ್ಧ ನಡೆಯಿತು. ಅಹಾಬ 2,000 ರಥ ತಂದಿದ್ದ ಎಂದು ವೈರಿಯ ಶಾಸನವೇ ಹೇಳುತ್ತದೆ. ಆ ಕಲ್ಲು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಲೆಕ್ಕ ಉಬ್ಬಿಸಿದ್ದು ಎನ್ನುವವರಿದ್ದಾರೆ. ಅರ್ಧಕ್ಕೆ ಇಳಿಸಿದರೂ ಕಡಿಮೆಯೇನಲ್ಲ.

ಇಂಥವನಿಗೆ ಅರಮನೆಯ ಪಕ್ಕದ ನಾಬೋತನ ದ್ರಾಕ್ಷಿತೋಟ ಬೇಕಾಯಿತು. ಯಾಕೆ? ಕಾಯಿಪಲ್ಲೆ ಬೆಳೆಯಲು. ಬದಲಿ ಜಾಗ ಕೊಡುತ್ತೇನೆ ಅಥವಾ ದುಡ್ಡು ಕೊಡುತ್ತೇನೆ ಎಂದ. ಪಿತ್ರಾರ್ಜಿತ ಭೂಮಿ, ಕೊಡುವುದಿಲ್ಲ ಎಂದ ನಾಬೋತ. ರಥಗಳ ಒಡೆಯ ಮನೆಗೆ ಬಂದು, ಮಂಚದ ಮೇಲೆ ಮುಖ ಆ ಕಡೆ ಮಾಡಿ ಮಲಗಿ, ಊಟ ಬಿಟ್ಟ.

ಹೆಂಡತಿ ಈಜೆಬೆಲಳು ಬಂದಳು. ನೀನು ಇಸ್ರಾಯೇಲಿನ ಅರಸನೋ ಅಲ್ಲವೋ ಎಂದಳು. ಎದ್ದು ಊಟ ಮಾಡು, ತೋಟ ನಾನು ಕೊಡಿಸುತ್ತೇನೆ. ಅವಳು ಸೈನ್ಯ ಕಳಿಸಲಿಲ್ಲ. ಬುದ್ಧಿವಂತೆ. ಗಂಡನ ಹೆಸರಲ್ಲಿ ಪತ್ರ ಬರೆದು, ಗಂಡನ ಮುದ್ರೆ ಒತ್ತಿ, ಊರ ಹಿರಿಯರಿಗೆ ಕಳಿಸಿದಳು. ಮೊದಲು ಉಪವಾಸ ಸಾರಿ. ನಾಬೋತನನ್ನು ಎಲ್ಲರ ಮುಂದೆ ಗೌರವದ ಜಾಗದಲ್ಲಿ ಕೂರಿಸಿ. ಇಬ್ಬರು ಪೋಕರಿಗಳನ್ನು ಎದುರು ಕೂರಿಸಿ. ಇವನು ದೇವರನ್ನೂ ಅರಸನನ್ನೂ ಬೈದ ಎಂದು ಅವರು ಸಾಕ್ಷಿ ಹೇಳಲಿ. ಆಮೇಲೆ ಕಲ್ಲು ಹೊಡೆದು ಕೊಲ್ಲಿ.

ಎಷ್ಟು ಅಚ್ಚುಕಟ್ಟು ನೋಡಿ. ಕೊಲೆಗೆ ಮುಂಚೆ ಉಪವಾಸ. ಸಾಕ್ಷಿ ಸುಳ್ಳಾದರೂ ಸಂಖ್ಯೆ ಸರಿಯಾಗಿ ಇಬ್ಬರು, ಮರಣದಂಡನೆಗೆ ಒಬ್ಬನ ಸಾಕ್ಷಿ ಸಾಲದು ಎಂದು ಶಾಸ್ತ್ರವಿದೆಯಲ್ಲ. ಆಪಾದನೆ ದೈವನಿಂದೆ, ಅದನ್ನು ಹೊರಿಸಿದವಳು ಬಾಳ ಎಂಬ ಬೇರೆ ದೇವರ ಭಕ್ತೆ. ಕಡತದಲ್ಲಿ ಒಂದು ಕೊಕ್ಕೆ ತೆಗೆಯುವ ಹಾಗಿಲ್ಲ. ಊರ ಹಿರಿಯರ ಸಭೆಯಲ್ಲಿ ನಾಬೋತನನ್ನು ಚಿಕ್ಕಂದಿನಿಂದ ಬಲ್ಲವರು ಇದ್ದೇ ಇರುತ್ತಾರೆ. ಒಬ್ಬನಾದರೂ ಕೆಮ್ಮಿದ ಎಂದು ಪುಸ್ತಕ ಹೇಳುವುದಿಲ್ಲ. ಮೇಲಿನಿಂದ ಆದೇಶ ಬಂದಿತ್ತು, ಮುದ್ರೆಯಿತ್ತು, ಮುಗಿಯಿತು.

ಸತ್ತನಂತೆ ಎಂಬ ಸುದ್ದಿ ಬಂತು. ಹೇಗೆ ಸತ್ತ ಎಂದು ಅಹಾಬ ಕೇಳಲಿಲ್ಲ. ಎದ್ದು ತೋಟ ಸ್ವಾಧೀನ ಮಾಡಿಕೊಳ್ಳಲು ಹೊರಟ. ತೋಟದಲ್ಲಿ ಒಬ್ಬ ಕಾಯುತ್ತಿದ್ದ. ಪ್ರವಾದಿ ಎಲೀಯ. ಕೊಲೆಯನ್ನೂ ಮಾಡಿ ಆಸ್ತಿಯನ್ನೂ ಹೊಡೆದೆಯಾ ಎಂದು ನೇರ ಕೇಳಿದ. ಈ ಪುಸ್ತಕದಲ್ಲಿ ದೇವರ ಮೇಲ್ಮನವಿ ನ್ಯಾಯಾಲಯ ಬದನೆ ಪಾತಿಯ ಪಕ್ಕದಲ್ಲೂ ಕಲಾಪ ನಡೆಸುತ್ತದೆ. ಮುಂದೆ ಅಹಾಬ ಯುದ್ಧಕ್ಕೆ ಹೋಗುವಾಗ 400 ಆಸ್ಥಾನ ಪ್ರವಾದಿಗಳು ಗೆಲುವು ನಿಮ್ಮದೇ ಎಂದರು. ಸೋಲುತ್ತೀಯ ಎಂದ ಮೀಕಾಯೆಹು ಒಬ್ಬನೇ ಜೈಲಿಗೆ ಹೋದ. ಆದರೂ ಒಳಗೆ ಪುಕಪುಕ. ಅಹಾಬ ವೇಷ ಮರೆಸಿಕೊಂಡು ರಣರಂಗಕ್ಕೆ ಇಳಿದ. ಯಾರೋ ಗುರಿಯಿಲ್ಲದೆ ಬಿಟ್ಟ ಬಾಣ ಕವಚದ ಸಂದಿನಲ್ಲಿ ನುಗ್ಗಿತು. 2,000 ರಥ, ಒಂದು ಸಂದು.

ಯೆಹೂದದ ಅರಸ ಯೆಹೋಯಾಕೀಮ ಬೇರೆ ಜಾತಿಯವನು. ಇವನು ಓದುಗ! ಕ್ರಿ.ಪೂ. 604ರ ಸುಮಾರು. ಚಳಿಗಾಲದ ಅರಮನೆ, ಮುಂದೆ ಅಗ್ಗಿಷ್ಟಿಕೆ. ಪ್ರವಾದಿ ಯೆರೆಮೀಯ ಹೇಳಿ ಅವನ ಲಿಪಿಕಾರ ಬಾರೂಕ ಬರೆದ ಸುರುಳಿಯನ್ನು ಓದಿಸುತ್ತಿದ್ದ. ಅರಸನಿಗೆ ಹಿತವಾದ ಒಂದು ಮಾತೂ ಅದರಲ್ಲಿರಲಿಲ್ಲ. ಮೂರು ನಾಲ್ಕು ಅಂಕಣ ಓದಿ ಮುಗಿಸುತ್ತಲೇ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಿದ್ದ. ಮತ್ತೆ ಓದಿಸುವುದು, ಮತ್ತೆ ಕತ್ತರಿಸುವುದು. ಬೇಡ ಪ್ರಭು, ಸುಡಬೇಡಿ ಎಂದು ಶಾಫಾನನ ಮಗ ಗೆಮರ್ಯ ಮತ್ತಿಬ್ಬರು ಬೇಡಿಕೊಂಡರು. ಕೇಳಲಿಲ್ಲ.

ಆದದ್ದೇನು? ಯೆರೆಮೀಯ ಇನ್ನೊಂದು ಸುರುಳಿ ಬರೆಸಿದ. ಸುಟ್ಟ ಮಾತುಗಳಷ್ಟೂ ಬಂದವು, ಜೊತೆಗೆ ಹೊಸ ಮಾತುಗಳೂ ಸೇರಿದವು. ನಿಷೇಧಿಸಿದ ಪುಸ್ತಕದ ಎರಡನೇ ಮುದ್ರಣ ಯಾವಾಗಲೂ ದಪ್ಪ. ಇಪ್ಪತ್ತು ವರ್ಷ ತುಂಬುವುದರೊಳಗೆ, ಕ್ರಿ.ಪೂ. 586ರ ಹೊತ್ತಿಗೆ, ಬಾಬೆಲಿನವರು ಬಂದು ಯೆರೂಸಲೇಮನ್ನೇ ಸುಟ್ಟರು. 1982ರಲ್ಲಿ ಪುರಾತತ್ವ ತಜ್ಞ ಯಿಗಾಲ್ ಶಿಲೋ ಅವರ ತಂಡ ಅಲ್ಲಿ ಅಗೆದಾಗ ಜೇಡಿಮಣ್ಣಿನ ಮುದ್ರೆಗಳ ರಾಶಿ ಸಿಕ್ಕಿತು. ಕಾಗದಪತ್ರವೆಲ್ಲ ಸುಟ್ಟು ಬೂದಿಯಾಗಿದೆ, ಅದೇ ಬೆಂಕಿಯಲ್ಲಿ ಮಣ್ಣಿನ ಮುದ್ರೆಗಳು ಬೆಂದು ಗಟ್ಟಿಯಾಗಿ ಉಳಿದಿವೆ. ಒಂದರ ಮೇಲಿನ ಹೆಸರು ಶಾಫಾನನ ಮಗ ಗೆಮರ್ಯ. ಸುಡಬೇಡಿ ಎಂದವನದೇ ಇರಬೇಕು ಎನ್ನುತ್ತಾರೆ ಅನೇಕ ವಿದ್ವಾಂಸರು. ಸುಟ್ಟವನ ಚೂರಿ ಸಿಕ್ಕಿಲ್ಲ.

ಇನ್ನು ಬಾಬೆಲಿನ ನೆಬೂಕದ್ನೆಚ್ಚರ. ದಾನಿಯೇಲನ ಪುಸ್ತಕದಲ್ಲಿ ಅವನು ಅರಮನೆಯ ಮಾಳಿಗೆ ಮೇಲೆ ತಿರುಗಾಡುತ್ತಾ ಇದೆಲ್ಲ ನಾನು ಕಟ್ಟಿದ್ದು ಎಂದ. ಮಾತು ಬಾಯಲ್ಲಿರುವಾಗಲೇ ಬುದ್ಧಿ ಹೋಗಿ, ದನಗಳ ಜೊತೆ ಹುಲ್ಲು ಮೇಯುವ ಸ್ಥಿತಿಗೆ ಬಂದ. ಕೂದಲು ಹದ್ದಿನ ಗರಿಯಾಯಿತು, ಉಗುರು ಹಕ್ಕಿಯದಾಯಿತು. ಕಥೆ ಎನ್ನಿ. ಆದರೆ ಇಟ್ಟಿಗೆ ಕಥೆಯಲ್ಲ. ಅವನ ಹೆಸರು ಒತ್ತಿದ ಇಟ್ಟಿಗೆಗಳು ಸಾವಿರಾರು ಸಿಕ್ಕಿವೆ. 1980ರ ದಶಕದಲ್ಲಿ ಇರಾಕಿನ ಸದ್ದಾಂ ಹುಸೇನ್ ಅವೇ ಗೋಡೆಗಳ ಮೇಲೆ ಹೊಸ ಗೋಡೆ ಎಬ್ಬಿಸಿ ತನ್ನ ಹೆಸರಿನ ಇಟ್ಟಿಗೆ ಇಡಿಸಿದ. ಪಕ್ಕದಲ್ಲೇ ಗುಡ್ಡ ಎಬ್ಬಿಸಿ ಅರಮನೆಯನ್ನೂ ಕಟ್ಟಿಸಿದ. 2003ರ ಡಿಸೆಂಬರಿನಲ್ಲಿ ಅವನು ಸಿಕ್ಕಿದ್ದು ತಿಕ್ರಿತ್ ಬಳಿ ಒಂದು ಗುಂಡಿಯಲ್ಲಿ.

ಅವನನ್ನು ಇಳಿಸಲು ಬಂದವರು ಬೈಬಲ್ ಓದುವ ದೇಶದವರು. ದಾನಿಯೇಲನ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಕಲಿತವರು. ಅವರು ಬಾಬೆಲಿನ ಅವಶೇಷಗಳ ಮೇಲೇ ಸೈನಿಕ ಶಿಬಿರ ಹೂಡಿದರು. ವಾಹನಗಳ ಕೆಳಗೆ 2,600 ವರ್ಷ ಹಳೆಯ ಇಟ್ಟಿಗೆ ನೆಲ ಪುಡಿಯಾಯಿತು ಎಂದು ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಕರ್ಟಿಸ್ 2005ರಲ್ಲಿ ವರದಿ ಕೊಟ್ಟರು. ಹುಲ್ಲು ಮೇಯುವ ಸರದಿ ಯಾರದು ಎಂದು ಯಾವ ದಾನಿಯೇಲನೂ ಹೇಳಲಿಲ್ಲ.

ಮಿತಿ ಎಂದರೆ ವೈರಿಗಳಿಗೆ ಮಾತ್ರ ಎಂದುಕೊಳ್ಳುವವರಿಗೂ ಇಲ್ಲಿ ತಪರಾಕಿ ಇದೆ. ಫಿಲಿಷ್ಟಿಯರ ಎದುರು ಸೋಲುತ್ತಿದ್ದ ಇಸ್ರಾಯೇಲರು ದೇವರ ಮಂಜೂಷವನ್ನೇ ರಣರಂಗಕ್ಕೆ ಹೊತ್ತು ತಂದರು. ಇನ್ನು ಗೆದ್ದಂತೆಯೇ ಎಂದು ಭೂಮಿ ನಡುಗುವಂತೆ ಜೈಕಾರ ಹಾಕಿದರು. 30,000 ಕಾಲಾಳು ಸತ್ತರು, ಮಂಜೂಷವೂ ಹೋಯಿತು. ದೇವರನ್ನು ಫಿರಂಗಿ ಮಾಡಲು ಹೋದವರಿಗೆ ದೇವರು ಸಿಡಿಯಲಿಲ್ಲ. ದಾವೀದ ಜನಗಣತಿ ಮಾಡಿಸಿ ಪಾಪ ಕಟ್ಟಿಕೊಂಡ. ಶಿಕ್ಷೆಗೆ ಬಂದ ವ್ಯಾಧಿಯಲ್ಲಿ ಸತ್ತವರು 70,000 ಪ್ರಜೆಗಳು. ಈ ಕುರಿಗಳು ಏನು ಮಾಡಿದವು ಎಂದು ದಾವೀದನೇ ಅತ್ತ. ಒಳ್ಳೆಯ ಪ್ರಶ್ನೆ, ಸ್ವಲ್ಪ ತಡ. ಅರಸನ ಮಿತಿಯನ್ನು ಅರಸನಿಗೆ ತೋರಿಸಲು ಬಿಲ್ಲು ಪ್ರಜೆಗಳ ಹೆಸರಿಗೆ ಯಾಕೆ ಹೋಗುತ್ತದೆ ಎಂಬುದಕ್ಕೆ ಈ ಪುಸ್ತಕದಲ್ಲೂ ನನಗೆ ಉತ್ತರ ಸಿಕ್ಕಿಲ್ಲ.

ಇಂಥ ಪುಸ್ತಕವನ್ನು ಅಧಿಕಾರದಲ್ಲಿರುವವರು ಮುಟ್ಟಲೇಬಾರದಿತ್ತು. ಮುಟ್ಟುವುದೇನು, ಎತ್ತಿ ಹಿಡಿಯುತ್ತಾರೆ. 2020ರ ಜೂನ್ 1ರಂದು ವಾಷಿಂಗ್ಟನ್ನಿನಲ್ಲಿ ಪ್ರತಿಭಟನಕಾರರನ್ನು ಚೌಕದಿಂದ ಅಟ್ಟಿದ ಸ್ವಲ್ಪ ಹೊತ್ತಿಗೆ ಡೊನಾಲ್ಡ್ ಟ್ರಂಪ್ ಚರ್ಚಿನ ಮುಂದೆ ಬೈಬಲ್ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ನಿಮ್ಮ ಬೈಬಲ್ಲೇ ಎಂದು ಕೇಳಿದರೆ, ಅದೊಂದು ಬೈಬಲ್ ಎಂದರು. ತೆರೆಯಲಿಲ್ಲ. 2018ರ ಮಾರ್ಚಿನಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಟ್ರಂಪ್ ಅವರನ್ನು ಪರ್ಷಿಯದ ಅರಸ ಕೋರೆಷನಿಗೆ, ಅಂದರೆ ಸೈರಸ್‌ಗೆ ಹೋಲಿಸಿದ್ದರು. ಹೊಗಳಿಕೆ ಎಂದೇ ಎಲ್ಲರೂ ತಿಳಿದರು. ಯೆಶಾಯನ 45ನೇ ಅಧ್ಯಾಯ ತೆರೆದು ನೋಡಿ. ಅಲ್ಲಿ ದೇವರು ಕೋರೆಷನಿಗೆ ಕೆಲಸ ವಹಿಸುತ್ತಾನೆ, ನಿನಗೆ ನನ್ನ ಪರಿಚಯವೇ ಇಲ್ಲ ಎಂದೂ ಎರಡೆರಡು ಸಲ ಹೇಳುತ್ತಾನೆ. ಸುತ್ತಿಗೆಗೆ ಸನ್ಮಾನ ಮಾಡುವ ಪದ್ಧತಿ ಅಲ್ಲಿಲ್ಲ.

2024ರ ಮಾರ್ಚಿನಲ್ಲಿ ಟ್ರಂಪ್ ತಮ್ಮ ಅನುಮೋದನೆಯ ಬೈಬಲ್ ಮಾರಾಟಕ್ಕೆ ಬಿಟ್ಟರು. ಬೆಲೆ 59.99 ಡಾಲರ್. ಅಮೆರಿಕದ ಸಂವಿಧಾನವನ್ನೂ ಸೇರಿಸಿ ಹೊಲಿದಿದ್ದಾರೆ. ಮೋಶೆ ಮರೆತದ್ದನ್ನು ಪ್ರಕಾಶಕರು ನೆನಪಿಟ್ಟುಕೊಂಡರು. ಪ್ರತಿಗಳು ಚೀನಾದ ಹಾಂಗ್‌ಝೌನಲ್ಲಿ ಅಚ್ಚಾದವು, ಒಂದಕ್ಕೆ ಬಿದ್ದದ್ದು ಮೂರು ಡಾಲರಿಗಿಂತ ಕಡಿಮೆ ಎಂದು ಎಪಿ ಸುದ್ದಿಸಂಸ್ಥೆ ದಾಖಲೆ ಸಮೇತ ವರದಿ ಮಾಡಿತು. ಚೀನಾ ಸರಕಿಗೆ ಸುಂಕ ಜಡಿಯುತ್ತೇನೆ ಎಂದು ಊರೂರಲ್ಲಿ ಭಾಷಣ ನಡೆಯುತ್ತಿದ್ದ ದಿನಗಳವು.

ಆ ಪ್ರತಿಯಲ್ಲೂ ಧರ್ಮೋಪದೇಶಕಾಂಡದ 17ನೇ ಅಧ್ಯಾಯ ಇದೆ. ಆಳುವವನು ಬಂಗಾರ ಕೂಡಿಡಬಾರದು, ಶಾಸ್ತ್ರವನ್ನು ಬರೆದಿಟ್ಟುಕೊಂಡು ದಿನಾ ಓದಬೇಕು. ಇಲ್ಲಿ ಕೈಯಾರೆ ಬರೆದದ್ದು ಸಹಿಯೊಂದೇ. ಸಹಿ ಇರುವ ಪ್ರತಿಗೆ ಆಗ 1,000 ಡಾಲರ್.